ಪ್ರಯರಿ ಬಂಗಲೆಯ ಕೊಲೆ: ಇಬ್ಬರು ಗೆಳತಿಯರು, ಒಂದು ಮಾತು, ಪರೀಕ್ಷೆಗೆ ಹೋಗದ ನೀರು

ಕೋಟೆಯಂಥ ಬಂಗಲೆ, ಹಣವಂತ ವಿಧವೆ, ಸದಾ ಅವಳ ಪಕ್ಕದಲ್ಲಿರುವ ಕಪ್ಪು ಉಡುಪಿನ ಸಂಗಾತಿ, ಕೂಗಳತೆಯಲ್ಲೇ ಮನೆ ಮಾಡಿಕೊಂಡಿರುವ ವಯಸ್ಸಾದ ಮಾಜಿ ಪ್ರೇಮಿ, ದುಡ್ಡಿನ ಮೇಲೆ ಕಣ್ಣಿಟ್ಟ ಹೊಸ ಗಂಡ, ಕುದುರೆ ಲಾಯಕ್ಕೆಂದು ತರಿಸಿದ ವಿಷ. ಗಾಥಿಕ್ ಥ್ರಿಲ್ಲರ್ ಬರೆಯುವವರು ಇಷ್ಟನ್ನೂ ಒಂದೇ ಕಥೆಗೆ ತುರುಕಿದರೆ ಅತಿಯಾಯಿತು ಅನ್ನಿಸುತ್ತದೆ. ಆದರೆ 1876ರ ಏಪ್ರಿಲ್‌ನಲ್ಲಿ, ದಕ್ಷಿಣ ಲಂಡನ್ನಿನ ಬ್ಯಾಲಂನಲ್ಲಿ, ಇದರಲ್ಲಿ ಒಂದನ್ನೂ ಬಿಡದೆ ಎಲ್ಲವೂ ನಡೆದುಹೋಯಿತು. ಸತ್ತವನು ಚಾರ್ಲ್ಸ್ ಬ್ರಾವೊ, ಮೂವತ್ತು ವರ್ಷದ ಬ್ಯಾರಿಸ್ಟರ್. ಕೊಲೆಯೆಂದು ಜ್ಯೂರಿ ತೀರ್ಮಾನಿಸಿತು. ಯಾರ ಮೇಲೂ ಮೊಕದ್ದಮೆ ಹೂಡಲಾಗಲಿಲ್ಲ. ಕೇಸು ಇಂದಿಗೂ ಬಗೆಹರಿದಿಲ್ಲ.

ಬೆಡ್‌ಫರ್ಡ್ ಹಿಲ್ ರಸ್ತೆಯ ಆ ಮನೆಯ ಹೆಸರು ದಿ ಪ್ರಯರಿ. ಹೆಸರು ಕೇಳಿದರೆ ಹಳೆಯ ಕ್ರೈಸ್ತ ಮಠ ಅನ್ನಿಸುತ್ತದೆ, ಆದರೆ ಅಲ್ಲಿ ಯಾವ ಸನ್ಯಾಸಿಯೂ ಇರಲಿಲ್ಲ. 19ನೇ ಶತಮಾನದ ಆರಂಭದಲ್ಲಿ ಉಳ್ಳವರಿಗೆ ಹಿಡಿದಿದ್ದ ಗಾಥಿಕ್ ಹುಚ್ಚಿನಿಂದ ಎದ್ದ ಮನೆ ಅದು: ಬಿಳಿ ಗೋಡೆ, ಕೋಟೆಯ ತೆನೆಗಳ ಹಾಗೆ ಹಲ್ಲುಹಲ್ಲಾದ ಮೇಲಂಚು, ಮೊನಚು ಕಮಾನಿನ ಕಿಟಕಿಗಳು, ಸುತ್ತ ಸುಮಾರು 10 ಎಕರೆ ತೋಟ. ಹತ್ತಕ್ಕೂ ಹೆಚ್ಚು ಆಳುಗಳಿದ್ದರು. ಈ ಆಳುಗಳ ವಿಷಯ ನೆನಪಿರಲಿ. ಇಷ್ಟು ಜನ ಓಡಾಡುವ ಮನೆಯಲ್ಲಿ ಗುಟ್ಟು ಉಳಿಯುವುದೇ ಕಷ್ಟ. ಆದರೂ ಈ ಕೇಸಿನ ಅತಿಮುಖ್ಯ ಮಾತನ್ನು ಆಡಿದಾಗ ಕೋಣೆಯಲ್ಲಿ ಇದ್ದವರು ಇಬ್ಬರೇ. ಒಬ್ಬ ಸತ್ತ. ಇನ್ನೊಬ್ಬಳು ಆ ಮಾತನ್ನು ಎರಡು ಸಲ ಎರಡು ಥರ ಹೇಳಿದಳು.

ಈ ಕೇಸನ್ನು ಓದುವವರು ಸಾಮಾನ್ಯವಾಗಿ "ವಿಷ ಹಾಕಿದವರು ಯಾರು" ಎಂದು ಶುರುಮಾಡಿ ಅಲ್ಲೇ ಸುತ್ತುತ್ತಾರೆ. ವಿಷ ಯಾವುದು ಎಂಬುದು ಗೊತ್ತು, ಪ್ರಮಾಣ ಹೆಚ್ಚುಕಡಿಮೆ ಗೊತ್ತು, ಹೊತ್ತೂ ಗೊತ್ತು. ಗೊತ್ತಾಗದೆ ಉಳಿದದ್ದು ಗೆಳೆತನದ ಹಿಂದೆ ಮರೆಯಾದದ್ದು ಮಾತ್ರ. ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಕಾಪಾಡಿಕೊಂಡಷ್ಟು ದಿನ ಕೇಸು ಒಂದಿಂಚೂ ಅಲ್ಲಾಡಲಿಲ್ಲ. ಅವರ ನಡುವೆ ಬಿರುಕು ಬಿಡುವ ಹೊತ್ತಿಗೆ ಪರೀಕ್ಷಿಸಲು ಏನೂ ಉಳಿದಿರಲಿಲ್ಲ.

ಮೊದಲು ಮನುಷ್ಯರು. ಫ್ಲಾರೆನ್ಸ್ ಕ್ಯಾಂಪ್‌ಬೆಲ್ ದೊಡ್ಡ ಶ್ರೀಮಂತರ ಮಗಳು. ತಂದೆಯ ಎಸ್ಟೇಟು ಬಸ್ಕಾಟ್ ಪಾರ್ಕ್. 1864ರಲ್ಲಿ, ಹತ್ತೊಂಬತ್ತರ ಆಸುಪಾಸಿನಲ್ಲಿ, ಸೇನೆಯ ಕ್ಯಾಪ್ಟನ್ ಅಲೆಕ್ಸಾಂಡರ್ ರಿಕಾರ್ಡೊ ಜೊತೆ ಮದುವೆ. ಗಂಡ ಕುಡಿದು ಕುಡಿದು 1871ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ತೀರಿಕೊಂಡ. ಅವಳ ಪಾಲಿಗೆ 40,000 ಪೌಂಡ್ ಉಳಿಯಿತು. ಆ ಕಾಲಕ್ಕೆ ಅದು ಜೀವಮಾನವಿಡೀ ಯಾರ ಮುಂದೆಯೂ ಕೈಚಾಚದೆ ಬದುಕುವಷ್ಟು ಹಣ.

ಗಂಡನ ಕುಡಿತ ಬಿಡಿಸಲು ಮಾಲ್ವರ್ನ್‌ಗೆ ಹೋದಾಗ ಅವಳಿಗೆ ಹತ್ತಿರವಾದವರು ಡಾಕ್ಟರ್ ಜೇಮ್ಸ್ ಮ್ಯಾನ್ಬಿ ಗಲಿ. ನೀರಿನ ಚಿಕಿತ್ಸೆಗೆ ಇಂಗ್ಲೆಂಡಿನಲ್ಲೇ ಹೆಸರಾದವರು. ಒದ್ದೆ ಬಟ್ಟೆ ಸುತ್ತುವುದು, ತಣ್ಣೀರು ಸ್ನಾನ, ಪಥ್ಯ, ನಡಿಗೆ ಅವರ ಮದ್ದು. ಚಾರ್ಲ್ಸ್ ಡಾರ್ವಿನ್ 1849ರಲ್ಲಿ ಇವರ ರೋಗಿಯಾಗಿದ್ದರು. ಗಲಿ ಅವಳಿಗಿಂತ ಮೂವತ್ತೇಳು ವರ್ಷ ದೊಡ್ಡವರು. ಬೇರೆ ಇದ್ದ ಹೆಂಡತಿ ಇನ್ನೂ ಬದುಕಿದ್ದರಿಂದ ಮದುವೆಯ ದಾರಿ ಮುಚ್ಚಿತ್ತು. ಆದರೂ ಸಂಬಂಧ ಬೆಳೆಯಿತು, 1873ರಲ್ಲಿ ಇಬ್ಬರೂ ಜರ್ಮನಿಯ ಕಿಸಿಂಗೆನ್‌ಗೆ ಹೋಗಿಬಂದರು, ಆ ವರ್ಷದ ಕೊನೆಯಲ್ಲಿ ಅವಳಿಗೆ ಗರ್ಭ ಹೋಯಿತು. ಅವಳು ಪ್ರಯರಿಗೆ ಬಂದಾಗ ಅವರೂ ಕೆಲವೇ ನಿಮಿಷ ದೂರದ ಆರ್ವೆಲ್ ಲಾಡ್ಜ್‌ನಲ್ಲಿ ಮನೆ ಮಾಡಿದರು.

ಮೂರನೆಯವಳು ಜೇನ್ ಕ್ಯಾನನ್ ಕಾಕ್ಸ್. ನನ್ನ ಮಟ್ಟಿಗೆ ಇಡೀ ಕೇಸಿನ ಮುಖ್ಯ ಪಾತ್ರ ಇವಳೇ, ಸತ್ತವನಲ್ಲ. ಜಮೈಕಾದಲ್ಲಿ ಗಂಡನನ್ನು ಕಳೆದುಕೊಂಡು, ಮೂರು ಗಂಡುಮಕ್ಕಳೊಂದಿಗೆ ಇಂಗ್ಲೆಂಡಿಗೆ ಬಂದವಳು. ಫ್ಲಾರೆನ್ಸಳ ವಕೀಲರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದವಳು ಫ್ಲಾರೆನ್ಸಳ ಸಂಗಾತಿಯಾಗಿ ಬಂದಳು. ಸಂಬಳ ವರ್ಷಕ್ಕೆ 80 ಪೌಂಡ್, ಊಟ ವಸತಿ ಬೇರೆ. ಹೆಸರಿಗೆ ಸಂಬಳದವಳು, ಆದರೆ ಇಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದೇ ಕರೆಯುತ್ತಿದ್ದರು. ಮನೆಯ ಯಜಮಾನಿಕೆ ಬಹುಪಾಲು ಇವಳ ಕೈಯಲ್ಲಿತ್ತು. ವಿಕ್ಟೋರಿಯಾ ಕಾಲದ ಮನೆಯಲ್ಲಿ ಸಂಬಳ ಪಡೆಯುವ ಸಂಗಾತಿ ಅತ್ತ ಮನೆಯವಳೂ ಅಲ್ಲ, ಇತ್ತ ಆಳೂ ಅಲ್ಲ. ಇಂಥ ಜಾಗದಲ್ಲಿರುವವಳಿಗೆ ಒಡತಿಯ ಗೆಳೆತನವೇ ಆಸ್ತಿ. ಅದು ಹೋದರೆ ಮಕ್ಕಳ ಶಾಲೆ, ತಲೆಯ ಮೇಲಿನ ಸೂರು ಎಲ್ಲವೂ ಅಲುಗಾಡುತ್ತದೆ.

ನಾಲ್ಕನೆಯವನು ಚಾರ್ಲ್ಸ್. ಅವನ ಮಲತಂದೆ ಜೋಸೆಫ್ ಬ್ರಾವೊ ಜಮೈಕಾ ವ್ಯಾಪಾರದಿಂದ ದುಡ್ಡು ಮಾಡಿದವನು. ಕಾಕ್ಸಳಿಗೆ ಆ ಮನೆಯ ಪರಿಚಯ ಮೊದಲೇ ಇತ್ತು. ಅವಳ ಮೂಲಕವೇ ಫ್ಲಾರೆನ್ಸಳಿಗೆ ಚಾರ್ಲ್ಸ್ ಸಿಕ್ಕಿದ್ದು. ಕೆಲವೇ ತಿಂಗಳುಗಳ ನಂತರ, 1875ರ ಡಿಸೆಂಬರ್ 7ರಂದು, ಮದುವೆ. ಮದುವೆಗೆ ಮೊದಲು ಇಬ್ಬರೂ ತಮ್ಮ ಹಳೆಯ ಸಂಬಂಧಗಳನ್ನು ಒಪ್ಪಿಕೊಂಡರು. ಅವಳಿಗೆ ಗಲಿ, ಅವನಿಗೆ ಒಬ್ಬ ಹೆಂಗಸು ಮತ್ತು ಒಂದು ಮಗು. ಲೆಕ್ಕ ಸಮವಾಯಿತು ಅಂದುಕೊಂಡರೇನೋ. ಆದರೆ ಹಣದ ಲೆಕ್ಕ ಸಮವಾಗಲಿಲ್ಲ. ಮನೆಯ ಪೀಠೋಪಕರಣ ಮತ್ತು ಬಂಗಲೆ ಫ್ಲಾರೆನ್ಸಳ ಹೆಸರಲ್ಲೇ ಉಳಿಯಬೇಕೆಂದು ಅವಳ ವಕೀಲರು ಹೇಳಿದ್ದಕ್ಕೆ, ನಾನು ಕೂರುವ ಕುರ್ಚಿ ನನ್ನದಾಗಿರದಿದ್ದರೆ ಮದುವೆಯೇ ಬೇಡ ಎಂದು ಅವನು ಪಟ್ಟು ಹಿಡಿದ. ಬಿಟ್ಟುಕೊಡು ಎಂದು ಅವಳಿಗೆ ಸಲಹೆ ಕೊಟ್ಟವರು ಯಾರು ಗೊತ್ತೆ? ಡಾಕ್ಟರ್ ಗಲಿ.

ಮದುವೆಯ ಮೇಲೆ ಉಳಿತಾಯದ ಕತ್ತರಿ ಶುರುವಾಯಿತು. ಫ್ಲಾರೆನ್ಸಳ ಕುದುರೆಗಳು ದಂಡ, ತೋಟದ ಆಳುಗಳು ಹೆಚ್ಚು, ಮತ್ತು ಕಾಕ್ಸ್ ಎಂಬ ಸಂಗಾತಿ ಎಲ್ಲ ಸೇರಿ ವರ್ಷಕ್ಕೆ 300ರಿಂದ 400 ಪೌಂಡ್ ನುಂಗುತ್ತಾಳೆ. ಈ ಲೆಕ್ಕ ಚಾರ್ಲ್ಸನ ಮನಸ್ಸಿನಲ್ಲಿತ್ತು. ಪೈಪೋಟಿ ಎಂದರೆ ಗಲಿ ಮತ್ತು ಚಾರ್ಲ್ಸ್ ನಡುವಿನದು ಎಂದೇ ಜನ ತಿಳಿದರು. ಪತ್ರಿಕೆಗಳಿಗೂ ಅದೇ ರುಚಿ. ಆದರೆ ಪ್ರಯರಿಯೊಳಗೆ ದಿನದಿನವೂ ನಡೆಯುತ್ತಿದ್ದ ಪೈಪೋಟಿ ಗಂಡ ಮತ್ತು ಗೆಳತಿಯ ನಡುವಿನದು: ಈ ಹೆಂಗಸಿನ ಕಿವಿ ಯಾರಿಗೆ, ಕೋಣೆ ಯಾರಿಗೆ, ಚೆಕ್‌ಬುಕ್ ಯಾರಿಗೆ. ಜನವರಿಯಲ್ಲಿ ಒಮ್ಮೆ, ಏಪ್ರಿಲ್ 6ರಂದು ಇನ್ನೊಮ್ಮೆ ಫ್ಲಾರೆನ್ಸಳಿಗೆ ಗರ್ಭಪಾತವಾಯಿತು. ಎರಡನೆಯದರ ನಂತರ ಅವಳ ಹಾಸಿಗೆಯಲ್ಲಿ ಮಲಗತೊಡಗಿದವಳು ಕಾಕ್ಸ್. ಗಂಡ ಪಕ್ಕದ ಕೋಣೆಗೆ ಹೋದ.

ಏಪ್ರಿಲ್ 18, ಮಂಗಳವಾರ. ಈ ದಿನವನ್ನು ಗಡಿಯಾರ ಹಿಡಿದೇ ನೋಡಬೇಕು, ಏಕೆಂದರೆ ಮುಂದಿನ ವಾದವೆಲ್ಲ ನಿಂತಿರುವುದು ನಿಮಿಷಗಳ ಮೇಲೆ. ಬೆಳಿಗ್ಗೆ ಗಂಡಹೆಂಡತಿ ಗಾಡಿಯಲ್ಲಿ ಪೇಟೆಗೆ ಹೊರಟರು. ದಾರಿಯಲ್ಲಿ ಆರ್ವೆಲ್ ಲಾಡ್ಜ್ ಬಂದಾಗ ಅವನು ಗಲಿಯ ವಿಷಯ ಎತ್ತಿ ಕುಟುಕಿದ, ಜಗಳವಾಯಿತು, ರಾಜಿಯೂ ಆಯಿತು. ಅತ್ತ ಕಾಕ್ಸ್ ಸಮುದ್ರ ತೀರದ ವರ್ದಿಂಗ್‌ಗೆ ಹೋಗಿದ್ದಳು, ಫ್ಲಾರೆನ್ಸ್ ಸುಧಾರಿಸಿಕೊಳ್ಳಲು ಬಾಡಿಗೆ ಮನೆ ಹುಡುಕುವುದಕ್ಕೆ. ಸಂಜೆ ಚಾರ್ಲ್ಸ್ ಸವಾರಿ ಹೊರಟಾಗ ಕುದುರೆ ಹತೋಟಿ ತಪ್ಪಿ ಮಿಚಮ್ ಕಾಮನ್ ತನಕ ಓಡಿತು. ಮೈಕೈ ನೋವು ಎಂದು ಬಿಸಿನೀರು ಸ್ನಾನ ಮಾಡಿದ. ಏಳೂವರೆ ಹೊತ್ತಿಗೆ ಊಟ: ಮೀನು, ಹುರಿದ ಕುರಿಮಾಂಸ, ಟೋಸ್ಟಿನ ಮೇಲೆ ಮೊಟ್ಟೆ ಮತ್ತು ಆಂಚೊವಿ. ಮೂವರೂ ತಿಂದದ್ದು ಒಂದೇ. ಕುಡಿದದ್ದು ಬೇರೆ: ಅವನು ಬರ್ಗಂಡಿ ವೈನ್, ಸುಮಾರು ಮೂರು ಗ್ಲಾಸು, ಹೆಂಗಸರಿಬ್ಬರೂ ಸೇರಿ ಹತ್ತಿರ ಹತ್ತಿರ ಎರಡು ಬಾಟಲಿ ಶೆರಿ ವೈನ್.

ಎಂಟೂವರೆ ದಾಟಿದ ಮೇಲೆ ಫ್ಲಾರೆನ್ಸ್ ಮಲಗಲು ಹೋದಳು, ಜೊತೆಗೆ ಕಾಕ್ಸ್. ಇನ್ನೊಂದು ಗ್ಲಾಸು ತರಿಸಿಕೊಂಡಿದ್ದಕ್ಕೆ ಚಾರ್ಲ್ಸ್ ಕೋಣೆಗೆ ಬಂದು ಗದರಿದ. ಕೆಲಸದ ಮೇರಿ ಆ್ಯನ್ ಕೀಬರ್ ಎದುರಿಗಿದ್ದಳೆಂದು ಫ್ರೆಂಚಿನಲ್ಲಿ ಗದರಿದ. ನಂತರ ತನ್ನ ಕೋಣೆಗೆ ಹೋದ. ಮಲಗುವ ಮುಂಚೆ ಕೈತೊಳೆಯುವ ಮೇಜಿನ ಮೇಲಿನ ಬಾಟಲಿಯಿಂದ ನೀರು ಕುಡಿಯುವುದು ಅವನ ಅಭ್ಯಾಸ. ಒಂಬತ್ತೂಮುಕ್ಕಾಲರ ಹೊತ್ತಿಗೆ ಬಾಗಿಲು ತೆರೆದು "ಫ್ಲಾರೆನ್ಸ್! ಬಿಸಿನೀರು! ಬಿಸಿನೀರು!" ಎಂದು ಕೂಗಿದ. ಕೂಗು ಕೇಳಿದ್ದು ಕೀಬರ್‌ಗೆ. ಪಕ್ಕದ ಕೋಣೆಯಲ್ಲಿ ಮಲಗಿದ್ದ ಹೆಂಡತಿಗೆ ಕೇಳಲಿಲ್ಲ. ಉಡುಪು ಕೂಡ ಬದಲಿಸದೆ ಹಾಸಿಗೆಯ ಬಳಿ ಕೂತಿದ್ದ ಕಾಕ್ಸಳಿಗೂ ಕೇಳಲಿಲ್ಲವಂತೆ. ಕೀಬರ್ ಬಂದು ಕರೆದ ಮೇಲೆಯೇ ಅವಳು ಎದ್ದದ್ದು.

ಚಾರ್ಲ್ಸ್ ಕಿಟಕಿಯಿಂದ ಹೊರಗೆ, ಕೆಳಗಿನ ಸೀಸದ ಚಾವಣಿಯ ಮೇಲೆ, ವಾಂತಿ ಮಾಡಿಕೊಂಡು ಕುಸಿದ. ಸಾಸಿವೆ ನೀರು, ಕಾಫಿ, ಬಿಸಿನೀರು ಎಂದು ಕಾಕ್ಸ್ ಕೀಬರ್‌ಳನ್ನು ಮೇಲಿಂದ ಮೇಲೆ ಓಡಿಸಿದಳು. ಕೀಬರ್ ಹೊರಗಿದ್ದ ಆ ಹೊತ್ತಿನಲ್ಲೇ ಚಾರ್ಲ್ಸ್ ತನಗೊಂದು ಮಾತು ಹೇಳಿದ ಎಂದು ಮುಂದೆ ಕಾಕ್ಸ್ ಹೇಳಿದ್ದು. ವೈದ್ಯರಿಗೆ ಹೇಳಿಕಳಿಸಿದ್ದು ಸ್ಟ್ರೆಥಮ್‌ನ ಡಾಕ್ಟರ್ ಹ್ಯಾರಿಸನ್‌ಗೆ. ಹತ್ತಿರದಲ್ಲೇ ಬ್ಯಾಲಂನಲ್ಲಿ ಡಾಕ್ಟರ್ ಮೂರ್ ಇದ್ದರು. ಅವರನ್ನು ಕರೆಸಿದ್ದು ಆಮೇಲೆ ಎಚ್ಚರಗೊಂಡು ಗಾಬರಿಯಾದ ಫ್ಲಾರೆನ್ಸ್. ಹ್ಯಾರಿಸನ್‌ಗೆ ಕಾಕ್ಸ್ ಹೇಳಿದ್ದು, ಇವರು ಕ್ಲೋರೋಫಾರ್ಮ್ ಕುಡಿದಿರಬೇಕು ಎಂದು. ವಿಷದ ಚಿಕಿತ್ಸೆಯಲ್ಲಿ ಮೊದಲ ಗಂಟೆಯೇ ಎಲ್ಲಕ್ಕಿಂತ ದೊಡ್ಡದು. ಆ ಗಂಟೆ ತಪ್ಪು ಹೆಸರಿನ ಹಿಂದೆ ಹೋಯಿತು.

ಬೆಳಗಿನ ಜಾವದ ಹೊತ್ತಿಗೆ ಲಂಡನ್ನಿನಿಂದ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ಡಾಕ್ಟರ್ ಜಾರ್ಜ್ ಜಾನ್ಸನ್, ಚಾರ್ಲ್ಸನ ಬಂಧುವೂ ಆದ ಸರ್ಜನ್ ರಾಯ್ಸ್ ಬೆಲ್ ಬಂದರು. ಬೆಲ್ ಬಳಿ ಕಾಕ್ಸ್ ಆ ಮಾತನ್ನು ಬಿಟ್ಟುಕೊಟ್ಟಳು: "ನಾನು ವಿಷ ತಗೊಂಡಿದ್ದೇನೆ, ಫ್ಲಾರೆನ್ಸಳಿಗೆ ಹೇಳಬೇಡ" ಎಂದು ಚಾರ್ಲ್ಸ್ ತನಗೆ ಹೇಳಿದ್ದನಂತೆ. ಜಾನ್ಸನ್ ನೇರವಾಗಿ ರೋಗಿಯನ್ನೇ ಕೇಳಿದರು. ಅಂಥ ಮಾತು ಆಡಿದ ನೆನಪಿಲ್ಲ ಎಂದ ಚಾರ್ಲ್ಸ್. ಹಲ್ಲು-ದವಡೆ ನೋವಿಗೆ ವಸಡಿಗೆ ಲಾಡನಂ (ಅಫೀಮಿನ ದ್ರಾವಣ) ಉಜ್ಜಿಕೊಂಡೆ, ಸ್ವಲ್ಪ ನುಂಗಿರಬಹುದು, ಬೇರೇನೂ ಇಲ್ಲ ಎಂಬ ಒಂದೇ ಹೇಳಿಕೆಗೆ ಕೊನೆತನಕ ಅಂಟಿಕೊಂಡ. ಗುರುವಾರ ಸರ್ ವಿಲಿಯಂ ಗಲ್ ಬಂದರು, ಆ ಕಾಲದ ಇಂಗ್ಲೆಂಡಿನ ಅತಿ ಪ್ರಸಿದ್ಧ ವೈದ್ಯ. ನೀವು ಸಾಯುತ್ತಿದ್ದೀರಿ, ವಿಷ ಯಾವುದು ಹೇಳಿ ಎಂದು ಮುಲಾಜಿಲ್ಲದೆ ಕೇಳಿದರು. ಉತ್ತರ ಅದೇ: ಲಾಡನಂ. ಏಪ್ರಿಲ್ 21ರ ಶುಕ್ರವಾರ ಬೆಳಿಗ್ಗೆ ಐದೂವರೆ ಹೊತ್ತಿಗೆ ಪ್ರಾಣ ಹೋಯಿತು, ಕೂಗಿಕೊಂಡ ಹೊತ್ತಿನಿಂದ ಸುಮಾರು 55 ಗಂಟೆ. ಅಷ್ಟರಲ್ಲಿ ಎಲ್ಲವನ್ನೂ ಹೆಂಡತಿಗೆ ಬಿಟ್ಟು ಉಯಿಲೂ ಬರೆಸಿದ್ದ.

ಗಲ್ ಹಾಗೆ ಕೇಳಿದ್ದು ಒರಟುತನ ಅನ್ನಿಸಬಹುದು, ಆದರೆ ಅದಕ್ಕೆ ಕಾನೂನಿನ ಬೆಲೆ ಇದೆ. ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿ ಮರಣಪೂರ್ವ ಹೇಳಿಕೆ ಸಾಕ್ಷ್ಯವಾಗಬೇಕಾದರೆ ಹೇಳುವವನಿಗೆ ತಾನು ಉಳಿಯುವುದಿಲ್ಲ ಎಂಬ ಖಾತ್ರಿ ಇರಬೇಕಿತ್ತು. ನಮ್ಮ ಕಾನೂನು ಅಲ್ಲೇ ಬೇರೆ ದಾರಿ ಹಿಡಿಯಿತು: 1872ರ ಭಾರತೀಯ ಸಾಕ್ಷ್ಯ ಕಾಯ್ದೆಯ 32ನೇ ಕಲಂನಲ್ಲೂ, ಅದರ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 26ರಲ್ಲೂ ಸಾವಿನ ನಿರೀಕ್ಷೆ ಇರಲೇಬೇಕೆಂಬ ಷರತ್ತಿಲ್ಲ. ಇದೇ ಕೇಸು ನಮ್ಮಲ್ಲಾಗಿದ್ದರೆ ಪೊಲೀಸರು ಯುಡಿಆರ್ (ಅಸಹಜ ಸಾವಿನ ವರದಿ) ದಾಖಲಿಸಿ, ಆಸ್ಪತ್ರೆಯ ಹಾಸಿಗೆಯ ಬಳಿ ಮ್ಯಾಜಿಸ್ಟ್ರೇಟರನ್ನು ಕೂರಿಸಿ, ರೋಗಿಗೆ ಪ್ರಜ್ಞೆ ಸರಿಯಿದೆ ಎಂದು ವೈದ್ಯರಿಂದ ಬರೆಸಿಕೊಂಡು ಹೇಳಿಕೆ ತೆಗೆದುಕೊಳ್ಳಬೇಕಿತ್ತು. ಕೊಲೆಗಾರ ಸಿಗದಿದ್ದರೆ ಕೊನೆಗೆ ಸಿ ರಿಪೋರ್ಟ್, ಅಂದರೆ ಪತ್ತೆಯಾಗದ ಕೇಸೆಂಬ ವರದಿ. ಚಾರ್ಲ್ಸನ ಬಾಯಿಂದ ವೈದ್ಯರು ಕೇಳಿಸಿಕೊಂಡದ್ದೆಲ್ಲ ಒಂದು ಕಡೆ, ಕಾಕ್ಸ್ ಒಬ್ಬಳೇ ಕೇಳಿಸಿಕೊಂಡದ್ದು ಇನ್ನೊಂದು ಕಡೆ. ಎರಡೂ ಸೇರುವುದೇ ಇಲ್ಲ.

ಇನ್ನು ವಿಷ. ಸೇಂಟ್ ಥಾಮಸ್ ಆಸ್ಪತ್ರೆಯ ಡಾಕ್ಟರ್ ಜೋಸೆಫ್ ಪೇನ್ ಶವಪರೀಕ್ಷೆ ಮಾಡಿದರು. ರಾಸಾಯನಿಕ ಪರೀಕ್ಷೆ ಪ್ರೊಫೆಸರ್ ಥಿಯೋಫಿಲಸ್ ರೆಡ್‌ವುಡ್ ಅವರದು. ಸಿಕ್ಕಿದ್ದು ಆಂಟಿಮನಿ ಎಂಬ ಲೋಹ, ಟಾರ್ಟರ್ ಎಮೆಟಿಕ್ ಎಂಬ ಲವಣದ ರೂಪದಲ್ಲಿ. ದೇಹಕ್ಕೆ ಹೋದದ್ದು 30ರಿಂದ 40 ಗ್ರೇನ್, ಅಂದರೆ ಎರಡರಿಂದ ಎರಡೂವರೆ ಗ್ರಾಮಿನಷ್ಟು ಎಂದು ಅಂದಾಜು. ಕೊಲ್ಲಲು ಬೇಕಾದದ್ದಕ್ಕಿಂತ ತುಂಬ ಹೆಚ್ಚು. ಮುಖ್ಯವಾದ ಮಾದರಿ ಬಂದದ್ದು ಆ ಸೀಸದ ಚಾವಣಿಯಿಂದ. ಕಿಟಕಿಯ ಕೆಳಗೆ ವಾಂತಿ ಹಾಗೇ ಬಿದ್ದಿರುವುದನ್ನು ಗಲ್ ಗಮನಿಸಿದ್ದರಿಂದ ಅದು ಉಳಿಯಿತು.

ಆಂಟಿಮನಿಯನ್ನು ಆರ್ಸೆನಿಕ್‌ನಿಂದ ಬೇರ್ಪಡಿಸಿ ಗುರುತಿಸುವುದು ಆ ಹೊತ್ತಿಗಾಗಲೇ ಬರುತ್ತಿತ್ತು. 1836ರ ಮಾರ್ಷ್ ಪರೀಕ್ಷೆಯಲ್ಲಿ ಮಾದರಿಯನ್ನು ಸತು ಮತ್ತು ಆಮ್ಲದ ಜೊತೆ ಸೇರಿಸಿ, ಹೊರಡುವ ಅನಿಲವನ್ನು ಕಾಯಿಸಿದ ಗಾಜಿನ ಕೊಳವೆಯಲ್ಲಿ ಹಾಯಿಸುತ್ತಾರೆ. ಆರ್ಸೆನಿಕ್ ಇದ್ದರೂ ಆಂಟಿಮನಿ ಇದ್ದರೂ ಕೊಳವೆಯೊಳಗೆ ಕಪ್ಪು ಹೊಳಪಿನ ಕನ್ನಡಿ ಕಟ್ಟುತ್ತದೆ. ತಪ್ಪುವುದು ಇಲ್ಲೇ: ಕನ್ನಡಿ ಕಂಡ ಕೂಡಲೇ ಆರ್ಸೆನಿಕ್ ಎಂದು ಬರೆದುಬಿಡುವುದು. ಅದರ ಮೇಲೆ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಹಾಕಿದರೆ ಆರ್ಸೆನಿಕ್ ಕನ್ನಡಿ ಕರಗಿಹೋಗುತ್ತದೆ, ಆಂಟಿಮನಿಯದು ಕದಲುವುದಿಲ್ಲ. ಲೋಹದ ವಿಷಕ್ಕೆ ಇನ್ನೊಂದು ಗುಣವಿದೆ. ಸಸ್ಯದ ವಿಷ ಕೊಳೆತು ಕಾಣೆಯಾಗಬಹುದು, ಲೋಹ ಎಲ್ಲೂ ಹೋಗುವುದಿಲ್ಲ. ಹೊರತೆಗೆದ ಹಳೇ ಶವದಲ್ಲಿ ಮೂವತ್ತು ವರ್ಷದ ನಂತರ ವಿಷ ಪತ್ತೆಯಾಯಿತು ಎಂದು ಥ್ರಿಲ್ಲರ್ ಬರೆಯುವವರು ಆಂಟಿಮನಿ, ಆರ್ಸೆನಿಕ್ ಆರಿಸಿಕೊಳ್ಳುವುದು ಈ ಕಾರಣಕ್ಕೇ. ಆರ್ಸೆನಿಕ್ ಆದರೆ ಸಮಾಧಿಯ ಮಣ್ಣನ್ನೂ ಪರೀಕ್ಷೆಗೆ ತೆಗೆದುಕೊಳ್ಳಬೇಕು. ಮಣ್ಣಿನಲ್ಲೇ ಅದು ಇರಬಹುದು ಎಂದು ಎದುರು ವಕೀಲ ಕೇಳದೆ ಬಿಡುವುದಿಲ್ಲ.

ಟಾರ್ಟರ್ ಎಮೆಟಿಕ್ ಆ ಕಾಲದಲ್ಲಿ ಅಪರೂಪದ ವಸ್ತುವಲ್ಲ. ಹೆಸರೇ ಹೇಳುವಂತೆ ವಾಂತಿ ಮಾಡಿಸುವ ಔಷಧ, ಕುದುರೆಗಳಿಗೂ ಕೊಡುತ್ತಿದ್ದರು. ಶೆರಿಯಲ್ಲಿ ಕರಗಿಸಿದ ಆಂಟಿಮನಿ ವೈನ್ ಎಂಬ ಮದ್ದು ಬ್ರಿಟಿಷ್ ಔಷಧ ಪಟ್ಟಿಯಲ್ಲೇ ಇತ್ತು. ನಮ್ಮ ದೇಶದಲ್ಲೂ ಕಾಲಾ ಅಜಾರ್ ಜ್ವರಕ್ಕೆ 20ನೇ ಶತಮಾನದ ಆರಂಭದಲ್ಲಿ ಇದೇ ಟಾರ್ಟರ್ ಎಮೆಟಿಕ್ ಚುಚ್ಚುತ್ತಿದ್ದರು. ಅದರ ಕಾಟ ತಪ್ಪಿಸಲೆಂದೇ ಕಲ್ಕತ್ತೆಯಲ್ಲಿ ಉಪೇಂದ್ರನಾಥ ಬ್ರಹ್ಮಚಾರಿ ಯೂರಿಯಾ ಸ್ಟಿಬಮೈನ್ ಕಂಡುಹಿಡಿದದ್ದು. ನೀರಿನಲ್ಲಿ ಬಣ್ಣವಿಲ್ಲದೆ ಕರಗುತ್ತದೆ, ರುಚಿಯೂ ಹೆಚ್ಚು ಇಲ್ಲ. ಕೆಲಸ ತೋರಿಸಲು ಗಂಟೆಗಟ್ಟಲೆ ಬೇಕಿಲ್ಲ.

ಈ ಕೊನೆಯ ಮಾತೇ ಊಟವನ್ನೂ ವೈನನ್ನೂ ಹಿಂದಕ್ಕೆ ತಳ್ಳುವುದು. ಊಟದಲ್ಲಿದ್ದರೆ ಮೂವರಿಗೂ ಆಗಬೇಕಿತ್ತು. ಬರ್ಗಂಡಿಯಲ್ಲಿ, ಅವನೊಬ್ಬನೇ ಕುಡಿದ ವೈನಿನಲ್ಲಿ, ಇದ್ದಿದ್ದರೆ? ಕೊನೆಯ ಗ್ಲಾಸು ಎಂಟೂವರೆ ಹೊತ್ತಿನದು, ಕೂಗು ಒಂಬತ್ತೂಮುಕ್ಕಾಲರದು. ಅಷ್ಟು ದೊಡ್ಡ ಪ್ರಮಾಣ ಒಂದು ಗಂಟೆಗೂ ಮಿಕ್ಕಿ ಸುಮ್ಮನಿರುವುದು ಕಷ್ಟ. ಹೊಟ್ಟೆ ತುಂಬಿದ್ದರಿಂದ ತಡವಾಯಿತು ಎಂಬ ವಾದವಿದೆ, ತೆಗೆದುಹಾಕುವಂಥದಲ್ಲ. ಆದರೆ ಕೋಣೆಗೆ ಹೋದ, ಬಟ್ಟೆ ಬದಲಿಸಿದ, ಅಭ್ಯಾಸದಂತೆ ನೀರು ಕುಡಿದ, ಸುಮಾರು ಕಾಲು ಗಂಟೆಯಲ್ಲಿ ಬಾಗಿಲು ತೆರೆದು ಕೂಗಿದ ಎಂಬ ಕ್ರಮ ಗಡಿಯಾರಕ್ಕೆ ಸರಿಯಾಗಿ ಕೂರುತ್ತದೆ. ನನ್ನ ಒಲವು ನೀರಿನ ಬಾಟಲಿಯ ಕಡೆಗೆ. ಹಾಗಾದರೆ ಆ ಸಂಜೆ ಆ ಕೋಣೆಗೆ ಕಣ್ಣಿಗೆ ಬೀಳದೆ ಹೋಗಿಬರಬಲ್ಲವರ ಪಟ್ಟಿ ಬಹಳ ಚಿಕ್ಕದಾಗುತ್ತದೆ. ಮನೆಯ ಹೊರಗಿದ್ದವರು ಬಹುಮಟ್ಟಿಗೆ ಬಿಟ್ಟುಹೋಗುತ್ತಾರೆ. ಆದರೆ ಆ ನೀರು ಪರೀಕ್ಷೆಗೆ ಹೋಗಲಿಲ್ಲ. ಬರ್ಗಂಡಿಯ ಉಳಿಕೆಯೂ ಹೋಗಲಿಲ್ಲ. ಮೂರು ದಿನ, ಐದಾರು ವೈದ್ಯರು, ದೇಶದಲ್ಲೇ ಹೆಸರಾದ ಗಲ್ ಕೂಡ. ಆದರೂ ಮೇಜಿನ ಮೇಲಿದ್ದ ಬಾಟಲಿಗೆ ಯಾರೂ ಮುದ್ರೆ ಹಾಕಲಿಲ್ಲ.

ಏಕೆ ಹೀಗಾಯಿತು? ಸತ್ಕುಟುಂಬ ಎಂಬ ಮುಲಾಜು. ಮೊದಲ ಶವ ವಿಚಾರಣೆಯನ್ನು ಕರೋನರ್ (ಅನುಮಾನದ ಸಾವುಗಳನ್ನು ವಿಚಾರಿಸುವ ಅಧಿಕಾರಿ) ವಿಲಿಯಂ ಕಾರ್ಟರ್ ನಡೆಸಿದ್ದು ಪ್ರಯರಿಯಲ್ಲೇ, ಏಪ್ರಿಲ್ 25 ಮತ್ತು 28ರಂದು. ಮನೆಯಲ್ಲೇ ನಡೆಸಿ, ಜ್ಯೂರಿಗೆ ತಿಂಡಿತೀರ್ಥದ ವ್ಯವಸ್ಥೆ ಇರುತ್ತದೆ ಎಂದು ತಿಳಿಸಿದವಳು ಕಾಕ್ಸ್. ಫ್ಲಾರೆನ್ಸ್ ಸಾಕ್ಷಿ ಹೇಳಲೇ ಇಲ್ಲ. ಆಂಟಿಮನಿಯಿಂದ ಸಾವು, ಅದು ದೇಹಕ್ಕೆ ಹೇಗೆ ಹೋಯಿತೆಂಬುದಕ್ಕೆ ಸಾಕ್ಷ್ಯ ಸಾಲದು ಎಂದು ತೀರ್ಪು ಬಂತು. ಚಾರ್ಲ್ಸನ ವಕೀಲ ಮಿತ್ರರೂ ಮಲತಂದೆಯೂ ಪತ್ರಿಕೆಗಳೂ ಬಿಡಲಿಲ್ಲ. ಕ್ವೀನ್ಸ್ ಬೆಂಚ್ ನ್ಯಾಯಾಲಯ ಆ ವಿಚಾರಣೆಯನ್ನೇ ರದ್ದು ಮಾಡಿ ಹೊಸದಕ್ಕೆ ಆದೇಶಿಸಿತು.

ಎರಡನೆಯದು ಜುಲೈ 11ರಂದು ಬೆಡ್‌ಫರ್ಡ್ ಹೋಟೆಲಿನ ಮಹಡಿಯಲ್ಲಿ ಶುರುವಾಗಿ ಆಗಸ್ಟ್ 11ರ ತನಕ, 23 ದಿನ ಕೂತಿತು. ಹೂತಿದ್ದ ಶವವನ್ನು ಹೊಸ ಜ್ಯೂರಿ ಕಣ್ಣಾರೆ ನೋಡಲೇಬೇಕೆಂಬ ನಿಯಮವಿದ್ದುದರಿಂದ ಅವರನ್ನು ನಾರ್ವುಡ್ ಸ್ಮಶಾನಕ್ಕೆ ಕರೆದೊಯ್ದು ಶವಪೆಟ್ಟಿಗೆಯ ಕಿಂಡಿಯಿಂದ ಮುಖ ತೋರಿಸಿದರು. ಗಾಥಿಕ್ ಬರಹಗಾರರು ಇಂಥದ್ದನ್ನು ಕಲ್ಪಿಸಿಕೊಳ್ಳಬೇಕಿಲ್ಲ, ಕಾರ್ಯವಿಧಾನದಲ್ಲೇ ಇತ್ತು.

ಈ ಸಲ ಗೆಳತಿಯರಿಗೆ ಬೇರೆ ಬೇರೆ ವಕೀಲರು. ಫ್ಲಾರೆನ್ಸಳ ಪರ ಸರ್ ಹೆನ್ರಿ ಜೇಮ್ಸ್, ಗಲಿಯ ಪರ ಸಾರ್ಜೆಂಟ್ (ಹಿರಿಯ ವಕೀಲರ ಬಿರುದು) ಪ್ಯಾರಿ, ಜೋಸೆಫ್ ಬ್ರಾವೊ ಪರ ಹೆಸರಾಂತ ಜಾರ್ಜ್ ಲೂಯಿಸ್. ಕಾಕ್ಸ್ ಕಟಕಟೆಗೆ ಬಂದು ತನ್ನ ಮಾತಿಗೆ ಒಂದು ತುಣುಕು ಸೇರಿಸಿದಳು. ಚಾರ್ಲ್ಸ್ ಹೇಳಿದ್ದು "ನಾನು ವಿಷ ತಗೊಂಡಿದ್ದೇನೆ" ಎಂದಲ್ಲ, "ಗಲಿಯ ಕಾರಣಕ್ಕೆ ವಿಷ ತಗೊಂಡಿದ್ದೇನೆ, ಫ್ಲಾರೆನ್ಸಳಿಗೆ ಹೇಳಬೇಡ" ಎಂದು. ಮೊದಲು ಯಾಕೆ ಮುಚ್ಚಿಟ್ಟೆ ಎಂದರೆ, ಗೆಳತಿಯ ಮಾನ ಉಳಿಸಲು. ಆ ಒಂದು ತುಣುಕಿನಿಂದ ಆತ್ಮಹತ್ಯೆಗೆ ಕಾರಣ ಸಿಕ್ಕಿತು, ಕಾಕ್ಸಳ ಮೇಲಿನ ಸಂಶಯ ಸ್ವಲ್ಪ ಸರಿಯಿತು, ಮತ್ತು ಫ್ಲಾರೆನ್ಸಳ ಗುಟ್ಟೆಲ್ಲ ಬೀದಿಗೆ ಬಂತು. ಕಿಸಿಂಗೆನ್, ಗರ್ಭ, ಎಲ್ಲವನ್ನೂ ಅವಳ ಬಾಯಿಂದಲೇ ಹೇಳಿಸಿದರು. ಗಲಿಯೂ ಒಪ್ಪಿಕೊಂಡರು. ಒಂದು ಕಾಲದ ಗೌರವಸ್ಥ ವೈದ್ಯನ ಹೆಸರು ಅಲ್ಲಿಗೆ ಮುಗಿಯಿತು.

ಆದರೆ ಗಮನಿಸಿ: ಬಿರುಕು ಬಿಟ್ಟರೂ ಒಬ್ಬಳು ಇನ್ನೊಬ್ಬಳನ್ನು ಕೊಲೆಗಾತಿ ಎನ್ನಲಿಲ್ಲ. ಆ ಸಂಜೆ ಇಬ್ಬರೂ ಒಂದೇ ಕೋಣೆಯಲ್ಲಿದ್ದರು, ಒಬ್ಬಳ ಅಲಿಬಿ, ಅಂದರೆ ಆ ಹೊತ್ತಿನಲ್ಲಿ ಅವಳು ಎಲ್ಲಿದ್ದಳೆಂಬುದಕ್ಕೆ ಸಾಕ್ಷಿ, ಇನ್ನೊಬ್ಬಳೇ. ಗೆಳತಿಯತ್ತ ಬೆರಳು ತೋರಿಸಿದರೆ ತನ್ನ ಅಲಿಬಿಯೂ ಬಿದ್ದುಹೋಗುತ್ತದೆ. ಇಬ್ಬರು ಗೆಳೆಯರ ಮೇಲೆ ಕೊಲೆಯ ಕಥೆ ಕಟ್ಟುವವರಿಗೆ ಈ ಕೇಸಿನಿಂದ ಎತ್ತಿಕೊಳ್ಳಬೇಕಾದ ಕೀಲು ಯಾವುದೆಂದು ಕೇಳಿದರೆ, ಇದನ್ನೇ ಹೇಳುತ್ತೇನೆ. ಪ್ರೀತಿ ಹೋದ ಮೇಲೂ ಅಲಿಬಿ ಅವರನ್ನು ಒಟ್ಟಿಗೆ ಕಟ್ಟಿಹಾಕಿರುತ್ತದೆ.

ತೀರ್ಪು: ಆತ್ಮಹತ್ಯೆಯಲ್ಲ, ಆಕಸ್ಮಿಕವಲ್ಲ, ಟಾರ್ಟರ್ ಎಮೆಟಿಕ್ ಕೊಟ್ಟು ಬೇಕೆಂದೇ ಮಾಡಿದ ಕೊಲೆ, ಆದರೆ ಇಂಥವರೇ ಎಂದು ಹೇಳಲು ಸಾಕ್ಷ್ಯ ಸಾಲದು.

ಶಂಕಿತರನ್ನು ಒಬ್ಬೊಬ್ಬರಾಗಿ ಎತ್ತಿ ನೋಡಿದರೆ ಪ್ರತಿಯೊಬ್ಬರೂ ಯಾವುದೋ ಒಂದು ಕಡೆ ಜಾರುತ್ತಾರೆ. ಗಾಡಿ ಓಡಿಸುತ್ತಿದ್ದ ಜಾರ್ಜ್ ಗ್ರಿಫಿತ್ಸ್‌ಗೆ ವಿಷ ಕೈಯಲ್ಲಿತ್ತು, ಲಾಯದಲ್ಲಿ ಕುದುರೆಗಳಿಗೆಂದು ಟಾರ್ಟರ್ ಎಮೆಟಿಕ್ ಇಟ್ಟವನೇ ಅವನು. ಅಪಘಾತವೊಂದರ ಕಾರಣಕ್ಕೆ ಕೆಲಸ ಕಳೆದುಕೊಂಡ ಸಿಟ್ಟೂ ಇತ್ತು. ಮದುವೆಯ ದಿನ ಬೆಡ್‌ಫರ್ಡ್ ಹೋಟೆಲಿನಲ್ಲಿ ಕೂತು, ಈ ಮದುಮಗ ನಾಲ್ಕು ತಿಂಗಳೂ ಬದುಕಲ್ಲ ಎಂದಿದ್ದ. ಮುಂದೆ ವಿಚಾರಣೆ ನಡೆದದ್ದೂ ಅದೇ ಹೋಟೆಲಿನಲ್ಲಿ. ಕಾದಂಬರಿಯಲ್ಲಿ ಬರೆದರೆ ನಂಬಲಿಕ್ಕಿಲ್ಲ. ಆದರೆ ಏಪ್ರಿಲ್‌ನಲ್ಲಿ ಅವನು ಪ್ರಯರಿಯಲ್ಲಿ ಇರಲಿಲ್ಲ. ವಿಷ ಆ ಮನೆಗೆ ಹೇಗೆ ಬಂತು ಎಂಬುದನ್ನು ಅವನು ವಿವರಿಸುತ್ತಾನೆ, ನೀರಿಗೆ ಹೇಗೆ ಬಿತ್ತು ಎಂಬುದನ್ನಲ್ಲ.

ಗಲಿಗೆ ವಿಷದ ಜ್ಞಾನವಿತ್ತು, ಎದುರಾಳಿಯ ಮೇಲೆ ಕಹಿ ಇರಲು ಕಾರಣವೂ ಇತ್ತು. ಏಪ್ರಿಲ್‌ನಲ್ಲೇ ಫ್ಲಾರೆನ್ಸಳ ನಿದ್ದೆಗೆಂದು ಒಂದು ಪುಟ್ಟ ಬಾಟಲಿ ಔಷಧವನ್ನು ಕಾಕ್ಸಳ ಮೂಲಕ ಕಳಿಸಿದ್ದೂ ವಿಚಾರಣೆಯಲ್ಲಿ ಬಂತು. ಆದರೆ ಅದು ಲಾರೆಲ್ ಗಿಡದ ಎಲೆಯಿಂದ ತೆಗೆದ ಲಾರೆಲ್ ನೀರು, ಆಂಟಿಮನಿ ಅಲ್ಲ. ಮನೆಯೊಳಗೆ ಕಾಲಿಡದ ಮನುಷ್ಯನನ್ನು ಸಿಕ್ಕಿಸಬೇಕಾದರೆ ಒಳಗಿನವರ ಕೈ ಬೇಕೇಬೇಕು. ಮತ್ತೆ ಬಂದು ನಿಲ್ಲುವುದು ಕಾಕ್ಸಳ ಮುಂದೆಯೇ.

ಆತ್ಮಹತ್ಯೆ? ಆಂಟಿಮನಿಯಂಥ ಹಿಂಸೆಯ ವಿಷವನ್ನು, ಕೋಣೆಯಲ್ಲೇ ಲಾಡನಂ ಇರುವಾಗ, ಆರಿಸಿಕೊಳ್ಳುವವರು ಕಡಿಮೆ. ಆರಿಸಿಕೊಂಡವನು ಬಿಸಿನೀರು ಎಂದು ಕೂಗುವುದಿಲ್ಲ. ಹೆಂಡತಿಗೆ ಸ್ವಲ್ಪ ಸ್ವಲ್ಪವೇ ಕೊಡುತ್ತಿದ್ದ ವಿಷವನ್ನು ಲಾಡನಂ ನುಂಗಿದ ಗಾಬರಿಯಲ್ಲಿ ವಾಂತಿಗೆಂದು ತಾನೇ ಕುಡಿದುಬಿಟ್ಟ ಎಂಬ ಊಹೆಯೂ ಇದೆ. ಚತುರ ಊಹೆ, ಅವನ ಮೌನಕ್ಕೂ ಒಳ್ಳೆಯ ಕಾರಣ ಕೊಡುತ್ತದೆ. ಆದರೆ ಅವನು ಹೆಂಡತಿಗೆ ವಿಷ ಕೊಡುತ್ತಿದ್ದ ಎಂಬುದಕ್ಕೆ ಆಧಾರ ತೆಳ್ಳಗಿದೆ.

ಉಳಿದವರು ಇಬ್ಬರೇ. ಫ್ಲಾರೆನ್ಸಳಿಗೆ ಕಾರಣ ಬಲವಾಗಿದೆ: ಐದು ತಿಂಗಳಲ್ಲಿ ಎರಡು ಗರ್ಭಪಾತ, ಇನ್ನೊಂದು ಬಸಿರಿನ ಹೆದರಿಕೆ, ತನ್ನ ಹಣದ ಮೇಲೆ ಗಂಡನ ಕೈ. ಕೊಲ್ಲಲು ಅಲ್ಲ, ಕೆಲವು ದಿನ ಹಾಸಿಗೆಯಿಂದ ದೂರವಿಡಲು ಕೊಟ್ಟದ್ದು ಹೆಚ್ಚಾಯಿತು ಎನ್ನುವವರೂ ಇದ್ದಾರೆ. ಆದರೆ ಬ್ಯಾಲಂನ ಹತ್ತಿರದ ವೈದ್ಯರನ್ನು ಕರೆಸಿದವಳು ಅವಳು, ಗಲ್ ಬೇಕೆಂದು ಹಟ ಹಿಡಿದವಳೂ ಅವಳು. ವಿಷ ಹಾಕಿದವರು ಇಂಗ್ಲೆಂಡಿನ ಅತಿ ಚುರುಕು ವೈದ್ಯನನ್ನು ಹೇಳಿಕಳಿಸಿ ಕರೆಸಿಕೊಳ್ಳುವುದು ಧೈರ್ಯವೇ ಸರಿ. ಕಾಕ್ಸಳ ನಡೆ ಪ್ರತಿ ಹೆಜ್ಜೆಗೂ ಅನುಮಾನ ಹುಟ್ಟಿಸುತ್ತದೆ: ಕೇಳದ ಕೂಗು, ದೂರದ ವೈದ್ಯ, ಕ್ಲೋರೋಫಾರ್ಮಿನ ಕಥೆ, ತಡವಾಗಿ ಬಂದ ಮಾತು, ಆಮೇಲೆ ಉದ್ದವಾದ ಮಾತು. ಅವಳ ವಿರುದ್ಧ ವಾದ ಕುಂಟುವುದು ಕಾರಣದಲ್ಲಿ. ಜಮೈಕಾದಲ್ಲಿ ಅವಳ ಮಕ್ಕಳಿಗೆ ಆಸ್ತಿ ಬರುವುದಿತ್ತು. ಕೆಲಸ ಹೋದರೆ ಬೀದಿಪಾಲು ಎನ್ನುವಷ್ಟು ದಾರಿ ಮುಚ್ಚಿರಲಿಲ್ಲ.

ಅವಳು ಕೊಂದಳು ಎಂಬುದಕ್ಕಿಂತ, ಕೊಂದವರು ಯಾರೆಂದು ಅವಳಿಗೆ ಅಂದೇ ಗೊತ್ತಿತ್ತು, ಅಥವಾ ಗೊತ್ತೆಂದು ಅವಳು ಅಂದುಕೊಂಡಳು ಎಂಬುದು ನನಗೆ ಹೆಚ್ಚು ಒಪ್ಪುತ್ತದೆ. ದೂರದ ವೈದ್ಯನಿಂದ ಹಿಡಿದು ಆತ್ಮಹತ್ಯೆಯ ಮಾತಿನ ತನಕ ಪ್ರತಿಯೊಂದೂ ಇನ್ನೊಬ್ಬರನ್ನು ಮರೆಮಾಡುವವಳ ಕೆಲಸದ ಹಾಗೆ ಓದಿಸಿಕೊಳ್ಳುತ್ತದೆ. ಎರಡನೇ ವಿಚಾರಣೆಯಲ್ಲಿ ಗಲಿಯ ಹೆಸರು ಸೇರಿಸಿದಾಗಲೂ ಅವಳು ಬಿಟ್ಟುಕೊಟ್ಟದ್ದು ಗೆಳತಿಯ ಮಾನವನ್ನು, ಕತ್ತನ್ನಲ್ಲ. ವಿಚಾರಣೆ ಮುಗಿದ ಮೇಲೆ ಇಬ್ಬರೂ ಬೇರೆಯಾದರು. ಫ್ಲಾರೆನ್ಸ್ 1878ರ ಸೆಪ್ಟೆಂಬರ್‌ನಲ್ಲಿ, ಮೂವತ್ಮೂರಕ್ಕೆ, ಸೌತ್‌ಸೀಯಲ್ಲಿ ಕುಡಿತದಿಂದ ಸತ್ತಳು. ಗಲಿ 1883ರಲ್ಲಿ. ಕಾಕ್ಸ್ 1917ರ ತನಕ ಬದುಕಿದ್ದಳು, ಕಾಪಾಡಬೇಕಾದವರೆಲ್ಲ ಹೋದ ಮೇಲೂ ಮೂವತ್ತು ವರ್ಷಕ್ಕೂ ಹೆಚ್ಚು. ಆ ಮಾತಿಗೆ ಮೂರನೆಯ ರೂಪವನ್ನು ಅವಳು ಕೊಡಲಿಲ್ಲ.